ಮೇಸ್ತ್ರಿ ಕೈಯಲ್ಲಿ ನಿಲ್ಲದ ಕಾರು

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ತಗಡಿನ ಶೆಡ್ಡಿನೊಳಗೆ ಮೇಸ್ತ್ರಿ ಒಂದು ಹಳೇ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ, ಜ್ವರ ನೋಡುವವರ ಹಾಗೆ ಎಂಜಿನ್ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ. "ಎಂಜಿನ್ ನಿಜ ಹೇಳೋದು ತಣ್ಣಗಿದ್ದಾಗಲೇ. ಬಿಸಿಯಾದ್ಮೇಲೆ ಎಲ್ಲಾ ಗಾಡೀನೂ ಒಳ್ಳೇವೇ," ಎನ್ನುತ್ತಾ ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದು ಕೀ ತಿರುಗಿಸುತ್ತಾರೆ. ಕಾರು ಒಂದೇ ಏಟಿಗೆ ಶುರುವಾಗುತ್ತದೆ. ಒಂದು ಕೆಮ್ಮಿಲ್ಲ, ನಡುಕವಿಲ್ಲ. ಖುಷಿಪಡಬೇಕಾದ ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಗುತ್ತದೆ. ಇದೇ ಕಾರು ನಿನ್ನೆ ನಡುರಸ್ತೆಯಲ್ಲಿ ಎರಡು ಸಲ ನಿಂತಿದೆ.

ಕಾರು ಹೊಲಿಗೆ ಟೀಚರದ್ದು. ಅವರ ಯಜಮಾನರಿಗೆ ಕಿಡ್ನಿ ಕೈಕೊಟ್ಟು ಎರಡು ವರ್ಷ. ವಾರಕ್ಕೆ ಮೂರು ಬೆಳಿಗ್ಗೆ ಹದಿನಾಲ್ಕು ಕಿಲೋಮೀಟರ್ ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಅಷ್ಟು ಬೇಗ ಬಾಡಿಗೆ ಗಾಡಿ ಕರೆದರೆ ಒಂದು ದಿನ ಬರುತ್ತದೆ, ಇನ್ನೊಂದು ದಿನ ಫೋನೇ ಎತ್ತುವುದಿಲ್ಲ. ಹಾಗಾಗಿ ಈ ಕಾರೇ ಗತಿ. ಅದು ಆರನೇ ಕಿಲೋಮೀಟರಿಗೆ ಸರಿಯಾಗಿ ಉಸಿರು ಬಿಡುತ್ತದೆ. ಹತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ. ಮಂಗಳವಾರ ಹೀಗೆ ತಡವಾದಷ್ಟು ಹೊತ್ತು ಯಜಮಾನರಿಗೆ ಯಂತ್ರ ಕಡಿಮೆ ಸಿಕ್ಕಿತು. ಮರುದಿನ ಕಾಲು ಬಾತುಕೊಂಡು ನಾಲ್ಕು ಹೆಜ್ಜೆಗೂ ಏದುಸಿರು. ಗುರುವಾರವೂ ಅದೇ ಕಥೆ. ಇವತ್ತು ಶುಕ್ರವಾರ. ನಾಳೆ ಮತ್ತೆ ಹೋಗಬೇಕು.

ಸೋದರಮಾವನ ಗ್ಯಾರೇಜಿನಲ್ಲಿ ಟಾರ್ಚ್ ಹಿಡಿದು ನಿಂತು ಕಲಿತ ಮೇಸ್ತ್ರಿಗೆ ಈಗ ಐವತ್ತೊಂಬತ್ತು. ಈ ಶೆಡ್ಡಿಗೆ ಮೂವತ್ತೊಂದು. ಒಂದು ಕಾಲಕ್ಕೆ ದಿನಕ್ಕೆ ಎಂಟು ಗಾಡಿ ಬರುತ್ತಿದ್ದವು, ಈಗ ವಾರಕ್ಕೆ ಮೂರು ಬಂದರೆ ಹೆಚ್ಚು. ದೊಡ್ಡ ಗ್ಯಾರೇಜಿನವರು ಕಂಪ್ಯೂಟರ್ ಚುಚ್ಚಿ ರೋಗ ಹೇಳುತ್ತಾರೆ. "ಈ ಹಳೇ ಕಾರು ಮುದುಕಿಯರಿಗೆ ಚುಚ್ಚೋಕೆ ಜಾಗಾನೇ ಇಲ್ಲವಲ್ಲ! ಆಗ ಅವರಿಂದಲೇ ನನಗೆ ಗುಟ್ಟಾಗಿ ಫೋನ್ ಬರುತ್ತೆ," ಎಂದು ನಗುತ್ತಾರೆ. ಇವರು ಹಿಂಬಾಗಿಲಿಂದ ಹೋಗಿ ರೋಗ ಹಿಡಿದುಕೊಟ್ಟು ಬರುತ್ತಾರೆ, ಶಹಬ್ಬಾಸ್‌ಗಿರಿ ಮುಂಬಾಗಿಲಲ್ಲಿ ಕೂತವರಿಗೆ. ಪೆಟ್ರೋಲಿಗೆ ಬಿರಿದ ಬೆರಳುಗಳು, ಬಗ್ಗಿದರೆ ಏಳಲು ಹಟ ಮಾಡುವ ಮಂಡಿ, ಇವು ಮಾತ್ರ ಪೂರ್ತಿ ಇವರವೇ.

ಇಂಥವರನ್ನು ಈ ಕಾರು ಆಟವಾಡಿಸುತ್ತಿದೆ. ಮೊದಲು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಬದಲಾಯಿಸಿದರು, ಬಿಸಿಯಾದರೆ ಕೈಕೊಡುವ ಕಳ್ಳರಲ್ಲಿ ಅದೇ ಹಿರಿಯ ಅಂತ. ಆಮೇಲೆ ಪೆಟ್ರೋಲ್ ಪಂಪ್. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನಂತೂ ಮೂರು ಸಲ ಬಿಚ್ಚಿ, ತೊಳೆದು, ಊದಿ ಕೂರಿಸಿದ್ದಾಯಿತು. ಪ್ರತಿ ಸಲವೂ ಖುದ್ದಾಗಿ ಇಪ್ಪತ್ತು ಕಿಲೋಮೀಟರ್ ಓಡಿಸಿ ನೋಡಿದ್ದಾರೆ. ಒಮ್ಮೆಯೂ ನಿಲ್ಲಲಿಲ್ಲ. ಟೀಚರ್ ಕೈಗೆ ಕೊಟ್ಟರೆ ಸಾಕು, ಆರನೇ ಕಿಲೋಮೀಟರಿಗೆ ನಿಂತೇ ನಿಲ್ಲುತ್ತದೆ. ಇದರ ತಲೆಬುಡ ಅವರಿಗೆ ಅರ್ಥವಾಗುತ್ತಿಲ್ಲ.

"ಟೀಚರ್, ತಪ್ಪು ತಿಳ್ಕೋಬೇಡಿ. ಚೋಕ್ ಎಳೆದಿದ್ದು ಹಾಗೇ ಬಿಟ್ಕೊಂಡು ಓಡಿಸ್ತೀರಾ?" ಎಂದು ನಿನ್ನೆ ಹೆದರುತ್ತಲೇ ಕೇಳಿದ್ದರು.

"ಇಪ್ಪತ್ತೆರಡು ವರ್ಷದಿಂದ ಓಡಿಸ್ತಿದ್ದೀನಿ ಮೇಸ್ತ್ರಿ," ಎಂದ ಟೀಚರ್ ಕಣ್ಣಲ್ಲಿ ನೀರು. "ಈ ವಯಸ್ಸಲ್ಲಿ ನನಗೆ ಡ್ರೈವಿಂಗ್ ಕಲಿಸ್ಬೇಡಿ. ನಮ್ಮೆಜಮಾನ್ರು ಆ ಸೀಟಲ್ಲಿ ಕೂತು ಗಡಿಯಾರ ನೋಡೋದನ್ನ ನೋಡೋಕಾಗಲ್ಲ ನನಗೆ."

ಆ ಮಾತು ಮೇಸ್ತ್ರಿಗೆ ಚುರುಕ್ ಎಂದಿದೆ. ತಟ್ಟೆಯ ಮುಂದೆ ಕೂತರೂ ಕೈ ಬಾಯಿಗೆ ಹೋಗುವುದಿಲ್ಲ. "ಗಾಡಿಗೂ ನಿಮ್ಮನ್ನ ಕಂಡ್ರೆ ಭಯ ಇರ್ಬೇಕು. ಅದಕ್ಕೇ ನಿಮ್ಮೆದುರು ಸುಮ್ಮನೆ ಓಡುತ್ತೆ," ಎಂದು ಹೆಂಡತಿ ರೇಗಿಸುತ್ತಾರೆ. ಆಮೇಲೆ ಗಂಡನ ಮುಖ ನೋಡಿ, "ಒಂದು ಕೆಲಸ ಮಾಡಿ. ಆಯಮ್ಮನ ಜೊತೇಲೇ ಕೂತು ನೋಡಿಬನ್ನಿ," ಎನ್ನುತ್ತಾರೆ. ಮೂವತ್ತೊಂದು ವರ್ಷದ ಅನುಭವಕ್ಕೆ ಇದು ಹೊಳೆದಿರಲಿಲ್ಲವಲ್ಲ ಎಂದು ಮೇಸ್ತ್ರಿಗೆ ನಾಚಿಕೆಯಾಗುತ್ತದೆ.

ಹೀಗೆ ಶುಕ್ರವಾರ ಹತ್ತು ಗಂಟೆಗೆ ಟೀಚರ್ ಸ್ಟೀರಿಂಗ್ ಹಿಡಿದಿದ್ದಾರೆ, ಪಕ್ಕದಲ್ಲಿ ಮೇಸ್ತ್ರಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ಆರನೇ ಕಿಲೋಮೀಟರಿಗೆ ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಡುತ್ತದೆ. ಹತ್ತು ನಿಮಿಷ ಕಾದು ಮೇಸ್ತ್ರಿ ತಾವೇ ಓಡಿಸುತ್ತಾರೆ. ಸ್ವಲ್ಪ ದೂರಕ್ಕೆ ಅವರ ಕೈಯಲ್ಲೂ ನಿಲ್ಲುತ್ತದೆ. "ನಿಂತಿತು ಟೀಚರ್! ನನ್ನ ಕೈಯಲ್ಲೂ ನಿಂತಿತು!" ಎಂದು ಲಾಟರಿ ಹೊಡೆದವರಂತೆ ಕೂಗುತ್ತಾರೆ. ಟೀಚರ್ ಕಣ್ಣು ಕಣ್ಣು ಬಿಡುತ್ತಾರೆ.

ಬಾನೆಟ್ ಎತ್ತಿ ನೋಡಿದರೆ ಕಿಡಿ ಚೆನ್ನಾಗಿದೆ. ಪೆಟ್ರೋಲ್ ಸೋಸುವ ಪುಟ್ಟ ಫಿಲ್ಟರ್ ಮಾತ್ರ ಖಾಲಿ. ಪಂಪ್ ಹೊಸದು, ಟ್ಯಾಂಕ್ ಅರ್ಧ ತುಂಬಿದೆ, ಆದರೂ ಪೆಟ್ರೋಲ್ ಮುಂದಕ್ಕೆ ಬಂದಿಲ್ಲ. "ಟ್ಯಾಂಕಿನ ಮುಚ್ಚಳ ತೆಗೀರಿ, ನೋಡೋಣ." ಟೀಚರ್ ಬ್ಯಾಗಿನಿಂದ ಕೀ ಗೊಂಚಲು ತೆಗೆದು ಮುಚ್ಚಳದ ಬೀಗ ತಿರುಗಿಸುತ್ತಾರೆ. ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಸುಂಯ್ಯೆನ್ನುತ್ತದೆ.

"ಈ ಬೀಗ ಯಾವಾಗಿಂದ?"

"ಹೋದ ಭಾನುವಾರದಿಂದ. ಯಾರೋ ಪೆಟ್ರೋಲ್ ಕದೀತಿದ್ರು, ಅದಕ್ಕೆ ಹೊಸ ಮುಚ್ಚಳ ಹಾಕಿಸ್ದೆ."

"ಶೆಡ್ಡಲ್ಲಿ ಯಾವತ್ತೂ ಬೀಗ ಹಾಕಿರ್ಲಿಲ್ಲವಲ್ಲ?"

"ಗೊಂಚಲಲ್ಲಿ ಮನೆ ಕೀ ಇರುತ್ತೆ, ನನಗೆ ಬೇಕು. ನೀವು ಪೆಟ್ರೋಲ್ ಹಾಕ್ಬೇಕಾದ್ರೆ ಪರದಾಡಬಾರ್ದು ಅಂತ ಬೀಗ ತೆಗೆದು, ಮುಚ್ಚಳ ಸಡಿಲ ಬಿಟ್ಟು ಹೋಗ್ತಿದ್ದೆ. ನಿಮ್ಮ ಅನುಕೂಲಕ್ಕೇ!"

ಮೇಸ್ತ್ರಿ ರಸ್ತೆ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ; ಗಾಳಿ ಹೋಗಲು ಇನ್ನೊಂದು ತೂತು ಬೇಕು. ಹಳೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿತ್ತು, ಹೊಸದರಲ್ಲಿ ಇಲ್ಲ. ಶೆಡ್ಡಿನಲ್ಲಿ ಸಡಿಲ ಬಿಟ್ಟಾಗ ಸಂದಿಯಲ್ಲಿ ಗಾಳಿ ಹೋಗುತ್ತಿತ್ತು; ಬೀಗ ಹಾಕಿ ಆರು ಕಿಲೋಮೀಟರ್ ಓಡಿದರೆ ಟ್ಯಾಂಕಿನೊಳಗೆ ಗಾಳಿ ಸಾಲದೆ ಪೆಟ್ರೋಲ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಹತ್ತು ನಿಮಿಷ ನಿಂತರೆ ಹೇಗೋ ಚೂರು ಗಾಳಿ ನುಸುಳಿ ಮತ್ತೆ ಹರಿಯುತ್ತದೆ. ಡಿಕ್ಕಿಯಲ್ಲಿ ಬಿದ್ದಿದ್ದ ಹಳೇ ಮುಚ್ಚಳ ಹುಡುಕಿ ಹಾಕುತ್ತಾರೆ. ಮಧ್ಯಾಹ್ನ ಶೆಡ್ಡಿನಲ್ಲಿ ಹೊಸ ಕಾಯಿಲ್, ಹೊಸ ಪಂಪ್ ಬಿಚ್ಚಿ ಹಳೆಯವನ್ನೇ ಕೂರಿಸುತ್ತಾ, "ನಿಮ್ಮ ಎಂಜಿನ್ನಲ್ಲಿ ಏನೂ ಕೆಟ್ಟಿರ್ಲಿಲ್ಲ ಟೀಚರ್. ನಾನೇ ನಾಲ್ಕು ದಿನ ಕುರುಡನ ಹಾಗೆ ತಡಕಾಡಿದೆ. ನಿಮ್ಮ ಡ್ರೈವಿಂಗ್ ಮೇಲೂ ಹಾಕ್ಬಿಟ್ಟೆ. ತಪ್ಪಾಯ್ತು," ಎನ್ನುತ್ತಾರೆ. ಅಕ್ಕಪಕ್ಕದ ಅಂಗಡಿಯವರಿಗೂ ಕೇಳುವಂತೆಯೇ ಹೇಳುತ್ತಾರೆ.

ಆದರೂ ಅವರಿಗೆ ಸಮಾಧಾನವಿಲ್ಲ. ಇಷ್ಟು ಕಾಡಿದ್ದು ಇಷ್ಟೇನಾ? ಇನ್ನೇನಾದರೂ ಅಡಗಿಕೊಂಡಿದ್ದರೆ? ಶನಿವಾರ ಬೆಳಗಿನ ಜಾವ ಸಾಮಾನಿನ ಚೀಲ ಹಿಡಿದು, ಕರೆಯದಿದ್ದರೂ ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಆರನೇ ಕಿಲೋಮೀಟರ್ ಬರುತ್ತಿದ್ದಂತೆ ಮೇಸ್ತ್ರಿ ಮುಂದಕ್ಕೆ ಬಾಗಿ ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ. ಅದು ದಾಟುತ್ತದೆ. ಒಂಬತ್ತು, ಹನ್ನೊಂದು ಕೂಡ ದಾಟುತ್ತವೆ. ಯಜಮಾನರು ಗಡಿಯಾರ ನೋಡುವುದು ಬಿಟ್ಟು ಕಣ್ಣು ಮುಚ್ಚಿ ಒರಗುತ್ತಾರೆ. ಕಾರು ಆಸ್ಪತ್ರೆ ಬಾಗಿಲಿಗೆ ತಲುಪಿದಾಗ ಇನ್ನೂ ಹತ್ತು ನಿಮಿಷ ಬಾಕಿ ಇರುತ್ತದೆ.

ಯಜಮಾನರನ್ನು ಒಳಗೆ ಬಿಟ್ಟು ಬಂದ ಟೀಚರ್, "ಇನ್ಮೇಲೆ ಈ ದಾರೀಲಿ ಹೋಗುವಾಗೆಲ್ಲ ನಿಮ್ಮನ್ನ ನೆನೆಸ್ಕೋತೀನಿ ಮೇಸ್ತ್ರಿ," ಎನ್ನುತ್ತಾರೆ.

"ಅಯ್ಯಯ್ಯೋ, ಬೇಡ ಟೀಚರ್!" ಮೇಸ್ತ್ರಿ ಎರಡೂ ಕೈ ಆಡಿಸುತ್ತಾರೆ. "ದಾರೀಲಿ ಮೆಕ್ಯಾನಿಕ್ ನೆನಪಾದ ಅಂದ್ರೆ ಗಾಡಿ ನಿಂತಿದೆ ಅಂತಲೇ ಅರ್ಥ. ನನ್ನ ಮರೆತು ಓಡಿಸಿ."