ಸರಸಮ್ಮನವರ ಹದಿಮೂರನೇ ಚೌಕ

ಗೆಳೆಯರೇ, ವೆಬ್ ಡೆವಲಪರ್ ಆಗಿ ನಾನು ಕಟ್ಟಿದ ಮೊದಲ ಸೈಟು ಇವತ್ತು ಲೈವ್ ಆಯಿತು. ತಮಿಳು ಸೀಮೆಯ ಅನ್ನೂರಿನ ಸರಸಮ್ಮ ಕೈಮಗ್ಗದಲ್ಲಿ ನೇಯುವ ಸೀರೆಗಳದ್ದು.

ಬೆಳಿಗ್ಗೆ ಅವರ ಮಗ್ಗದ ಪಕ್ಕ ಕೂತು ಲ್ಯಾಪ್‌ಟಾಪ್ ತೋರಿಸಿದೆ. ಹನ್ನೆರಡು ಚೌಕ, ಹನ್ನೆರಡು ಸೀರೆ. "ಎಲ್ಲಾ ಮುಗೀತಮ್ಮ" ಅಂದೆ.

ಅವರ ಮುಖ ಸಪ್ಪಗಾಯಿತು. "ಪೂರಾ ಮುಗಿಸ್ಬ್ಯಾಡ ನನ್ ಕಣ್ಣೇ. ಮಗ್ಗದಲ್ಲಿ ಹಳೇ ನೂಲು ಸ್ವಲ್ಪ ಬಿಟ್ರೆ ತಾನೆ ಹೊಸ ನೂಲು ಅದಕ್ಕೆ ಗಂಟು ಹಾಕೋದು? ಒಂದು ಜಾಗ ಖಾಲಿ ಬಿಡು."

ಹದಿಮೂರನೇ ಚೌಕ ಸೇರಿಸಿ ಖಾಲಿ ಬಿಟ್ಟೆ. ಕಿಟಕಿಯ ಬಿಸಿಲು ಮಗ್ಗದ ಎಳೆಗಳನ್ನು ದಾಟಿ ಪರದೆಯ ಮೇಲೆ ಬಿತ್ತು. ಆ ಬಿಳುಪಿನಲ್ಲಿ ಇನ್ನೂ ಹುಟ್ಟದ ಸೀರೆಯೊಂದು ಮೆಲ್ಲಗೆ ಅಲುಗಿದಂತೆ ಕಂಡಿತು.

ಮಧ್ಯಾಹ್ನ ತುಡಿಯಲೂರಿನ ಆಫೀಸಿನಲ್ಲಿ ನಮ್ಮ ಟೀಮ್ ಲೀಡ್‌ಗೆ ಮಾತ್ರ ಏನೂ ಕಾಣಲಿಲ್ಲ. "ಇದು ಬಗ್, ತೆಗಿ" ಎಂದು ತಮಿಳಿನಲ್ಲಿ ಗದರಿದರು.

"ಕ್ಲೈಂಟೇ ಕೇಳಿದ್ದು ಸರ್."

"ಖಾಲಿ ಜಾಗ ಯಾರಾದ್ರೂ ಕೇಳ್ತಾರಾ?"

ಸರಸಮ್ಮನವರಿಗೆ ಫೋನ್ ಮಾಡಿ ಲೀಡ್ ಕೈಗೇ ಕೊಟ್ಟೆ. ಐದು ನಿಮಿಷ ಕೇಳಿಸಿಕೊಂಡು, ಕಿಟಕಿಯಾಚೆ ನೋಡುತ್ತಾ, "ಇರಲಿ ಬಿಡು" ಅಂದರು.

ಸಂಜೆ ಸೈಟಿಗೆ ಗ್ರಾಹಕಿಯೊಬ್ಬರಿಂದ ಮೊದಲ ಮೆಸೇಜು ಬಂತು: "ಕೊನೆಯ ಚೌಕದ ಸೀರೆ ಯಾವಾಗ ಬರುತ್ತೆ? ನನಗೆ ಅದೇ ಬೇಕು."

ಆ ಖಾಲಿ ಚೌಕದ ಮೇಲೇ ಹನ್ನೆರಡು ಸೀರೆ ಇದ್ದಾವಲ್ಲ ತಾಯಿ!