ಬೆಟ್ಟ ಹತ್ತಿದ ಪುಳಿಯೋಗರೆ ಡಬ್ಬಿ

ಹೋದ ವರ್ಷ ಕೀನ್ಯಾದ ಅಬರ್ಡೇರ್ ಬೆಟ್ಟಕ್ಕೆ ಬಂದಾಗ ನಾನು ತುದಿ ನೋಡಲಿಲ್ಲ. ಬುಡದಲ್ಲಿ, ವ್ಯಾನಿನೊಳಗೆ ಕುಳಿತು ಪುಳಿಯೋಗರೆ ಡಬ್ಬಿ ಕಾಯುತ್ತಿದ್ದೆ. ನೈರೋಬಿಯ ನಮ್ಮ ಕನ್ನಡಿಗರ ಗುಂಪು ಎಲ್ಲಿಗೆ ಹೊರಟರೂ ಊಟದ ಹೊಣೆ ನನ್ನದೇ. ಅಂದು ಎಲ್ಲರ ಜೊತೆ ಹೊರಟವಳು, ಹುಲ್ಲುಹಾಸಿನ ಹಾಗೆ ನುಣ್ಣಗೆ, ಹಸಿರಾಗಿ ಕಂಡ ಕಡೆ ನಂಬಿ ಕಾಲಿಟ್ಟೆ. ಮೊಣಕಾಲವರೆಗೆ ಕೆಸರಿನಲ್ಲಿ ಇಳಿದು, ಕಾಲು ಉಳುಕಿ, ಹತ್ತೇ ನಿಮಿಷದಲ್ಲಿ ನನ್ನ ಚಾರಣ ಮುಗಿಯಿತು.

"ಅಮ್ಮಾ, ಹಿಲ್ಸ್ ಆರ್ ನಾಟ್ ಫಾರ್ ಯೂ," ಎಂದಿದ್ದಳು ಮಗಳು. ಇಲ್ಲೇ ಬೆಳೆದವಳು, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ನನಗೆ ಮೈಯೆಲ್ಲ ಉರಿದುಹೋಯಿತು. ನೈರೋಬಿಯ ಅಪ್ಪರ್ ಹಿಲ್ ಬಡಾವಣೆಯ ನನ್ನ ಆಫೀಸಿನಲ್ಲಿ ಲಿಫ್ಟ್ ಬಿಟ್ಟು ವರ್ಷವಿಡೀ ಏಳು ಮಹಡಿ ಮೆಟ್ಟಿಲು ಹತ್ತಿದೆ.

ಈ ಸಲವೂ ನನ್ನನ್ನು ವ್ಯಾನಿನಲ್ಲೇ ಬಿಡಲು ಎಲ್ಲರೂ ಸಿದ್ಧರಿದ್ದರು. "ಆಂಟಿ, ನೀವು ಆರಾಮಾಗಿ ಕೂತಿರಿ. ನಾವು ವಾಪಸ್ ಬಂದು ಊಟ ಮಾಡ್ತೀವಿ," ಎಂದ, ನಮ್ಮ ಗುಂಪಿನಲ್ಲಿ ಎಲ್ಲದಕ್ಕೂ ಮುಂದೆ ನಿಲ್ಲುವ ಬ್ಯಾಂಕಿನವನು.

ನಾನು ಡಬ್ಬಿಯನ್ನು ಬೆನ್ನುಚೀಲಕ್ಕೆ ತುರುಕಿದೆ. "ಊಟ ಮೇಲೆ. ಹಸಿವಾದೋರು ಹತ್ಕೊಂಡು ಬನ್ನಿ."

ಅಲ್ಲಿ ಕಾಡೆಮ್ಮೆಗಳ ಕಾಟ, ಹಾಗಾಗಿ ಕೋವಿ ಹಿಡಿದ ಕಾವಲುಗಾರ ಮುಂದೆ. "ಪೋಲೆ ಪೋಲೆ," ನಿಧಾನ ನಿಧಾನ ಎನ್ನುತ್ತ ಅವನು ಒರಟು ಹುಲ್ಲಿನ ಗುಪ್ಪೆಗಳ ಮೇಲಷ್ಟೇ ಕಾಲಿಡುತ್ತಿದ್ದ. ಅವನಿಟ್ಟಲ್ಲೇ ನಾನೂ ಇಟ್ಟೆ. ಚೆಂದದ ಹಸಿರು ಕಂಡಲ್ಲೆಲ್ಲ ಕೈಯಲ್ಲಿದ್ದ ಕೋಲು ಚುಚ್ಚಿದೆ. ಅರ್ಧ ಕೋಲು ಒಳಗೆ ಹೋಯಿತು. ಮಂಜು, ಗಾಳಿ, ಬೂಟಿನೊಳಗೆ ತಣ್ಣೀರು. ಮೊಣಕಾಲು ಗೊಣಗುತ್ತಲೇ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತುದಿ ಕಾಣುವಷ್ಟರಲ್ಲಿ ಹಿಂದಿನಿಂದ ಕೂಗು. "ಅಮ್ಮಾ, ನಿಲ್ಲಮ್ಮಾ! ಕಾಲು ಸಿಕ್ಕಾಕ್ಕೊಂಡಿದೆ!"

ಅಡ್ಡದಾರಿ ಹಿಡಿಯಲು ಹೋದ ಮಗಳು ಅದೇ ನುಣುಪು ಹಸಿರಿನಲ್ಲಿ ಹೂತು ನಿಂತಿದ್ದಳು. ಅಚ್ಚ ಕನ್ನಡ ಬಾಯಿಗೆ ಬಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಕೋಲು ಚಾಚಿ ಎಳೆದು, "ನನ್ನ ಹಿಂದೇನೇ ಬಾ," ಎಂದೆ. ತುದಿಯವರೆಗೂ ನಾನು ಇಟ್ಟ ಹೆಜ್ಜೆಯಲ್ಲೇ ಬಂದಳು.

ಮೇಲೆ ಬಂಡೆಯೊಂದರ ಮೇಲೆ ಡಬ್ಬಿ ತೆರೆದೆ. ಬ್ಯಾಂಕಿನವನು ಏದುಸಿರು ಬಿಡುತ್ತ ಬಂದು ತಟ್ಟೆ ಚಾಚಿದ. ಮಗಳೂ ಚಾಚಿದಳು. ಎಲ್ಲರಿಗೂ ಬಡಿಸಿ, ಉಳಿದಿದ್ದರೆ ತಿನ್ನುವುದು ನನ್ನ ಇಷ್ಟು ವರ್ಷದ ಅಭ್ಯಾಸ.

"ತಡೀರಿ," ಎಂದೆ. ಅವರೆಲ್ಲ ನೋಡುತ್ತಿರುವಾಗಲೇ ಮೊದಲ ತುತ್ತು ನಾನು ತಿಂದೆ.