ಲ್ಹಾಜೊಮಳ ಮೊದಲ ಬೇಡ

ನಮ್ಮ ಖಾರ್ಪುಂಗಿನಲ್ಲಿ ಮೊದಲ ಸಲ ಕೇಳಿದಾಗಲೇ ಹೂಂ ಅನ್ನುವವನನ್ನು ಹೊಟ್ಟೆಬಾಕ ಅನ್ನುತ್ತಾರೆ. ಬೆಣ್ಣೆ ಚಹಾ ಕೊಡಲಾ ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನಬೇಕು. ಕೊಡುವವರು ಮತ್ತೆ ಕೇಳಬೇಕು. ಮತ್ತೆ ಬೇಡ. ಮೂರನೆಯ ಸಲ ಕೇಳುವ ಹೊತ್ತಿಗೆ ಬಟ್ಟಲು ತಾನಾಗಿ ಮುಂದೆ ಬಂದಿರುತ್ತದೆ. ಮೊಲೆ ಬಿಟ್ಟ ಕೂಸಿಗೂ ಇದು ಗೊತ್ತು. ಆದರೆ ಇದನ್ನು ರಿಂಜಿನ್ ಲ್ಹಾಜೊಮಳಷ್ಟು ನಿಷ್ಠೆಯಿಂದ ನಡೆಸಿದವರನ್ನು ನಾನು ನೋಡಿಲ್ಲ.

ನಾನು ಈ ಊರಿನ ತ್ಶೋಗ್ಪ. ಅಂದರೆ ಜನ ಆರಿಸಿದ ಪ್ರತಿನಿಧಿ, ಊರಿನವರ ಬೈಗುಳ ಮೇಲಕ್ಕೂ ಮೇಲಿನವರ ಬೈಗುಳ ಊರಿಗೂ ಹೊರುವ ಹೇಸರಗತ್ತೆ. ಹಾಗಾಗಿ ಬೇಡ ಅನ್ನುವವರಿಗೆ ಮತ್ತೆ ಮತ್ತೆ ಕೇಳುವುದೇ ನನ್ನ ಕಸುಬು. ಭೂಕಂಪದಲ್ಲಿ ಲ್ಹಾಜೊಮಳ ಮನೆಯ ಮಾಡು ಕುಸಿದ ವರ್ಷ ಸರ್ಕಾರದ ತಗಡು ಬಂತು. ಮಳೆ ನೀರು ಅವಳ ಹಾಸಿಗೆಯ ಮೇಲೇ ಬೀಳುತ್ತಿತ್ತು. ಆದರೂ, "ನಮಗ್ಯಾಕೆ ಕರ್ಚುಂಗ್, ಕಷ್ಟದಲ್ಲಿರೋರಿಗೆ ಕೊಡು" ಅಂದಳು. ನಾನು ಎರಡನೆಯ ಸಲ ಹೋದೆ, ಮೂರನೆಯ ಸಲ ಬೈದೆ, ಆಮೇಲೆ ತಗಡು ಮಾಡಿನ ಮೇಲೇರಿತು.

ಮದುವೆಯೂ ಹೀಗೇ ಆಗಿದ್ದು. ಜುರ್ಮೆ ಎಂಬ ಎತ್ತರದ ಮೊಂಡ ಅವಳನ್ನು ಕೇಳಲು ಆರಾ ಹೆಂಡ ತುಂಬಿದ ಬಿದಿರ ಅಂಡೆ ಹೊತ್ತು ಬಂದ. ಅವಳು ಮಗ್ಗದಿಂದ ತಲೆಯೆತ್ತದೆ ಬೇಡ ಅಂದಳು. ಜೋಳ ಬಿತ್ತಿದ ಮೇಲೆ ಬಂದ, ಬೇಡ. ಜೋಳ ಕೊಯ್ದ ಮೇಲೆ ಬಂದಾಗ ಅವಳು ಆಗಲೇ ಅವನ ಅಳತೆಗೆ ಒಂದು ಗೋ ನಿಲುವಂಗಿ ನೇಯ್ದು ಮಡಿಸಿಟ್ಟಿದ್ದಳು. "ಮತ್ತೆ ಮೊದಲೇ ಹೂಂ ಅನ್ನೋಕೇನಾಗಿತ್ತು ನಿಂಗೆ?" ಎಂದು ಜುರ್ಮೆ ಎಷ್ಟೋ ವರ್ಷದ ಮೇಲೂ ಕೇಳುತ್ತಿದ್ದ. "ನೀನು ಮತ್ತೆ ಬರ್ತೀಯೋ ಇಲ್ವೋ ಅಂತ ಗೊತ್ತಾಗ್ಬೇಡ್ವಾ?" ಅನ್ನುತ್ತಿದ್ದಳು ಅವಳು. ಮಕ್ಕಳಾಗಲಿಲ್ಲ. ಊರಿನ ಮಕ್ಕಳೆಲ್ಲ ಅವಳ ಮಗ್ಗದ ಬುಡದಲ್ಲೇ ಆಡಿ ಬೆಳೆದವು. ನನಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳು, ನಾನು ಆನಾ ಅನ್ನುತ್ತಿದ್ದೆ, ಅಕ್ಕ ಅಂತ.

ತಗಡು ಹಾಕಿದ ಕೆಲವು ವರ್ಷಕ್ಕೆ, ಪೀಚ್ ಮರ ಹೂಬಿಟ್ಟಾಗ ನನ್ನ ಹೆಂಡತಿ ಚೊಯ್ಜೊಮ್ ಒಂದು ಮಾತು ಹೇಳಿದಳು. "ಆನಾ ತನ್ನ ಪಾಲಿನ ಖರಂಗ್ ನಾಯಿಗೆ ಹಾಕ್ತಾಳೆ, ನೋಡಿದೀಯಾ?" ಖರಂಗ್ ಅಂದರೆ ನಮ್ಮ ಜೋಳದ ನುಚ್ಚಿನ ಅನ್ನ, ಅದನ್ನು ನಾಯಿಗೆ ಹಾಕುವ ಹೆಂಗಸಲ್ಲ ಲ್ಹಾಜೊಮ್. ನಾನು ನೋಡತೊಡಗಿದೆ. ಗಂಜಿ ನುಂಗುವಾಗಲೂ ಕಣ್ಣು ಮುಚ್ಚುತ್ತಿದ್ದಳು. ಸೊಂಟಕ್ಕೆ ಸುತ್ತುವ ಕೇರಾ ಪಟ್ಟಿ ಮೊದಲಿಗಿಂತ ಒಂದು ಸುತ್ತು ಜಾಸ್ತಿ ಬರುತ್ತಿತ್ತು. ಚೊಯ್ಜೊಮ್ ಪಟ್ಟು ಹಿಡಿದು ಕೇಳಿದ ಮೇಲೆ, ಎದೆಗುಂಡಿಯ ಕೆಳಗೆ ಕೈಯಿಟ್ಟು, "ಇಲ್ಲಿ ಏನೋ ಕೂತಿದೆ ಕಣೇ. ತಿಂದದ್ದು ಕೆಳಗಿಳಿಯಲ್ಲ" ಅಂದಳಂತೆ.

ಮೊಂಗಾರಿನ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ನಮ್ಮಲ್ಲಿ ಔಷಧಿಗೆ ಕಾಸು ಕೊಡಬೇಕಿಲ್ಲ, ದಾರಿಯೂ ಇದೆ. ಅಡ್ಡ ನಿಂತವನು ಜುರ್ಮೆ. ಅವನು ಕೆಟ್ಟವನಲ್ಲ. ಅವನ ತಮ್ಮನನ್ನು ಹೊಟ್ಟೆನೋವೆಂದು ಇದೇ ದಾರಿಯಲ್ಲಿ ಇಳಿಸಿಕೊಂಡು ಹೋಗಿದ್ದರು, ಬಿಳಿ ಬಟ್ಟೆ ಸುತ್ತಿ ಹತ್ತಿಸಿಕೊಂಡು ಬಂದರು. ಅವತ್ತಿನಿಂದ ಆಸ್ಪತ್ರೆ ಅನ್ನುವ ಮಾತು ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ಊರ ದೇವರು ಮುನಿದಿದೆ ಎಂದು ಎರಡು ಸಲ ಪೂಜೆ ಮಾಡಿಸಿದ. ನಾನು ಹೋಗಿ ಮಾತೆತ್ತಿದೆ. "ನೀನು ತ್ಶೋಗ್ಪ ಆಗಿರೋದು ಊರಿಗೆ, ನನ್ನ ಹೆಂಡ್ತಿ ಹೊಟ್ಟೆಗಲ್ಲ" ಅಂದ. ನಾನೂ ಸುಮ್ಮನಿರಲಿಲ್ಲ, ಇಬ್ಬರೂ ಕೂಗಾಡಿದೆವು. ಲ್ಹಾಜೊಮ್ ನಮ್ಮಿಬ್ಬರ ನಡುವೆ ಚಹಾ ತಂದಿಟ್ಟು, "ಬೇಡ ಬಿಡಿ, ನಂಗೇನೂ ಆಗಿಲ್ಲ" ಅಂದಳು.

ಆಗ ಬಂತು ಸುಖ ಅಳೆಯುವ ತಂಡ. ನಮ್ಮ ದೇಶ ಬಡದೇಶವಾದರೂ ಜನ ಎಷ್ಟು ಸುಖವಾಗಿದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುತ್ತದೆ, ನಮಗೆ ಇದು ಹೊಸತಲ್ಲ. ಯಾವ ಮನೆ ಎಂದು ರಾಜಧಾನಿ ತಿಂಫುವಿನಲ್ಲೇ ಯಂತ್ರ ಆರಿಸಿರುತ್ತದೆ. ನನ್ನ ಸುಖ ಯಾರಿಗೂ ಬೇಕಾಗಿರಲಿಲ್ಲ, ಲ್ಹಾಜೊಮಳ ಹೆಸರು ಬಂದಿತ್ತು. ಊರಲ್ಲಿ ಎರಡು ದಿನ ಇದೇ ತಮಾಷೆ. "ಏನ್ ಆನಾ, ನಿನ್ನ ಸುಖ ಎಷ್ಟು ಸೇರು ತೂಗುತ್ತೆ?" "ಜುರ್ಮೆನ ಸೇರಿಸಿ ತೂಗಬೇಡ, ತಕ್ಕಡಿ ಮೇಲೇಳುತ್ತೆ!" ಅವಳು ನಗುತ್ತಿದ್ದಳು, ನಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ತಂಡದ ಹಿರಿಯ ನನ್ನ ಮನೆಯಲ್ಲಿ ಉಳಿದ. ನಾನು ಮೆಲ್ಲಗೆ ವಿಷಯ ತೆಗೆದೆ. ಅವನು ಕೇಳಿ ಹೇಳಿದ, "ಮಾತಿನ ನಡುವೆ ಅವರೇ ಬಾಯಿಬಿಟ್ಟು ಕಾಯಿಲೆ ಇದೆ ಅಂದ್ರೆ ನಾವು ಡಾಕ್ಟರಿಗೆ ಸುದ್ದಿ ಕೊಡಬಹುದು. ವಾಪಸ್ ಹೋಗೋವಾಗ ಮೊಂಗಾರ್ ಮೇಲೇ ಹೋಗೋದು, ಗಾಡೀಲಿ ಜಾಗ ಇದೆ. ಆದ್ರೆ ಅವರೇ ಹೇಳ್ಬೇಕು. ಪಕ್ಕದ ಮನೆಯವರು ಹೇಳಿದ್ದಕ್ಕೆ ನಾನು ಯಾರನ್ನೂ ಗಾಡಿಗೆ ಹತ್ತಿಸಲ್ಲ."

ನನಗೆ ಅಷ್ಟೇ ಸಾಕಾಗಿತ್ತು. ಓಡಿಹೋಗಿ ಲ್ಹಾಜೊಮಳಿಗೆ ಹೇಳಿದೆ. ಜುರ್ಮೆ ಹಸು ಅಟ್ಟಿಕೊಂಡು ಹೋಗಿದ್ದ. ಅವಳು ಮಗ್ಗದ ನೂಲು ಸವರುತ್ತ ಅಂದಳು, "ಅರಸರ ಕಡೆಯವರು ಕೇಳಿದ್ರೆ ಹೇಳ್ತೀನಿ. ಅವರ ಮಾತಿಗೆ ಇವನು ಎದುರಾಡಲ್ಲ."

"ಖಂಡಿತ ಹೇಳ್ತೀಯಾ?"

"ಹೇಳ್ತೀನಿ ಅಂದ್ನಲ್ಲೋ. ನಂಗೇನು ಸಾಯೋ ಆಸೆನಾ?"

ಮಾರನೆಯ ಬೆಳಿಗ್ಗೆ ಅವಳು ತಾನೇ ನೇಯ್ದ ರೇಷ್ಮೆಯ ಕೀರಾ ಉಟ್ಟಿದ್ದಳು. ಒಂದು ಬಟ್ಟೆಗಂಟು ಬಾಗಿಲ ಹಿಂದೆ ಸಿದ್ಧವಾಗಿತ್ತು. ಅದನ್ನು ನೋಡಿ ನನಗೆ ಎದೆ ಹಗುರಾಯಿತು.

ಪ್ರಶ್ನೆ ಕೇಳಲು ಬಂದವಳು ಯಾಂಗ್ಕಿ ಎಂಬ ಹುಡುಗಿ, ಪಕ್ಕದ ಕಣಿವೆಯವಳೇ, ನಮ್ಮದೇ ಮಾತು. ಲ್ಹಾಜೊಮ್ ಮೊದಲು ಚಹಾ ತಂದಳು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, "ಬೇಡ ಅಮಾ, ಈಗ್ಲೇ ಕುಡ್ದೆ" ಅಂದಳು. "ಒಂಚೂರು." "ಅಯ್ಯೋ ಬೇಡ." "ಬಿಸಿ ಇದೆ, ತಗೋ ತಾಯಿ." ಹುಡುಗಿ ಬಟ್ಟಲು ಚಾಚಿದಳು, ಮೂರು ಬಟ್ಟಲು ಕುಡಿದಳು. ಒಳ್ಳೆಯ ಮನೆಯ ಮಗು ಅಂದುಕೊಂಡೆ.

ಪ್ರಶ್ನೆ ಒಂದಾ ಎರಡಾ. ಎಷ್ಟು ಹೊತ್ತು ಮಲಗ್ತೀರಿ, ಯಾರ ಮೇಲಾದರೂ ಹೊಟ್ಟೆಕಿಚ್ಚು ಬರುತ್ತಾ, ಕಾಡುಹಂದಿ ಬೆಳೆ ಹಾಳು ಮಾಡುತ್ತಾ. ಹಂದಿಯ ವಿಷಯಕ್ಕೆ ಮಾತ್ರ ಲ್ಹಾಜೊಮ್ ಉದ್ದಕ್ಕೆ ಮಾತಾಡಿದಳು. "ಹಂದಿಗಳ ಮನೆಗೂ ಹೋಗಿ ಕೇಳು ಮಗಾ, ಈ ಊರಲ್ಲಿ ಸುಖವಾಗಿರೋದು ಅವೇ." ಹುಡುಗಿ ಕಿಸಕ್ಕನೆ ನಕ್ಕಳು. ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಎಷ್ಟು ಜನ ಇದ್ದಾರೆ ಎಂದು ಕೇಳಿದಳು. "ಇಡೀ ಊರೇ ಇದೆ" ಅಂದಳು ಲ್ಹಾಜೊಮ್. ಸುಳ್ಳಲ್ಲ.

ಆಮೇಲೆ ಅದು ಬಂತು. "ಅಮಾ, ನಿಮಗೆ ಬಹಳ ದಿನದಿಂದ ಇರೋ ಕಾಯಿಲೆ, ನೋವು ಏನಾದ್ರೂ ಇದೆಯಾ?"

ನಾನು ಮೂಲೆಯಲ್ಲಿ ಕೂತಲ್ಲೇ ಮುಂದಕ್ಕೆ ಬಾಗಿದೆ. ಲ್ಹಾಜೊಮಳ ಕೈ ಮೇಲೆ ಬಂದು ಬಾಯಿಗೆ ಅಡ್ಡವಾಯಿತು. "ಇಲ್ಲ ಇಲ್ಲ," ಅಂದಳು, "ನನಗ್ಯಾತರ ಕಾಯಿಲೆ."

ಅಂದು, ಹುಡುಗಿಯ ಮುಖ ನೋಡುತ್ತ ಕಾದಳು. ಆ ನೋಟ ನನಗೆ ಗೊತ್ತು. ತಗಡಿನ ವರ್ಷ ನನ್ನನ್ನೂ ಹಾಗೇ ನೋಡಿದ್ದಳು. ಈಗ ಮತ್ತೆ ಕೇಳುತ್ತಾಳೆ, ಒಂದು ಬೇಡ ಆಗಿದೆ, ಇನ್ನೊಂದು ಆಗಲಿ, ಆಮೇಲೆ ಹೇಳಿಬಿಡುತ್ತೇನೆ ಅನ್ನುವ ನೋಟ. ಹುಡುಗಿ ಟ್ಯಾಬಿನ ಮೇಲೆ ಬೆರಳೊತ್ತಿ, "ನಿಮ್ಮ ಮನೇಲಿ ಹಬ್ಬದ ದಿನ..." ಎಂದು ಮುಂದಿನದಕ್ಕೆ ಹೋದಳು.

"ಇನ್ನೊಂದ್ಸಲ ಕೇಳಮ್ಮ," ಅಂದೆ ನಾನು.

"ಕೇಳೋ ಹಾಗಿಲ್ಲ ಆಪಾ. ಎರಡನೇ ಸಲ ಕೇಳಿದ್ರೆ ನಾವೇ ಉತ್ತರ ಹೇಳ್ಕೊಟ್ಟ ಹಾಗಾಗುತ್ತೆ ಅಂತ ಕಲಿಸಿದಾರೆ. ನೀವು ಮಧ್ಯ ಮಾತಾಡಬೇಡಿ, ಇಲ್ಲಾಂದ್ರೆ ಹೊರಗೆ ಕೂತ್ಕೋಬೇಕಾಗುತ್ತೆ."

"ಅಲ್ಲಮ್ಮ, ಚಹಾ ನೀನು ಮೊದಲ ಸಲಕ್ಕೇ ತಗೊಂಡ್ಯಾ?"

"ಅದು ಚಹಾ ಆಪಾ," ಅಂದಳು ಪಾಪ, ಮುಖ ಕೆಂಪಗಾಗಿ. "ಇದು ಕೆಲಸ."

ಲ್ಹಾಜೊಮಳಿಗೆ ನಾಚಿಕೆಯಾಯಿತು. ನನ್ನತ್ತ ಕಣ್ಣು ಬಿಟ್ಟು ಸುಮ್ಮನಿರು ಎಂದು ಗದರಿದಳು. ಅಷ್ಟರಲ್ಲಿ ಜುರ್ಮೆ ಬಂದು ಬಾಗಿಲ ಬಳಿ ಟೊಪ್ಪಿ ತೆಗೆದು ಕೈಕಟ್ಟಿ ನಿಂತ. ಕೊನೆಯಲ್ಲಿ, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ಸುಖ ಎಷ್ಟು ಎಂದು ಹುಡುಗಿ ಕೇಳಿದಾಗ, ಲ್ಹಾಜೊಮ್ ಗಂಡನನ್ನೊಮ್ಮೆ ನೋಡಿ, ಎಂಟು ಅಂದಳು. ಹೋಗುವಾಗ ಹುಡುಗಿಯ ಚೀಲಕ್ಕೆ ಮೊಟ್ಟೆ ತುಂಬಿದಳು. ಎರಡು ಸಲ ಬೇಡ, ಮೂರನೆಯ ಸಲಕ್ಕೆ ತಗೊಂಡಳು.

ಗಾಡಿಯ ಹತ್ತಿರ ನಾನು ಯಾಂಗ್ಕಿಯನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. "ನಮ್ಮಮ್ಮನೂ ಹಿಂಗೇ ಆಪಾ. ಮನೇಲಿದ್ದಿದ್ರೆ ನಾನು ಹತ್ತು ಸಲ ಕೇಳ್ತಿದ್ದೆ." ಆಮೇಲೆ ಎದ್ದು ಮತ್ತೆ ಗುಡ್ಡ ಹತ್ತಿದಳು, ನಾನು ಹಿಂದಿನಿಂದ ಏದುತ್ತ ಹತ್ತಿದೆ. ಹುಡುಗಿ ಲ್ಹಾಜೊಮಳ ಎರಡೂ ಕೈ ಹಿಡಿದು, "ಅಮಾ, ಈಗ ಕೆಲಸ ಮುಗೀತು, ನಾನು ನಿಮ್ಮ ಮಗಳ ಥರ ಕೇಳ್ತಿದೀನಿ. ಗಾಡೀಲಿ ಬನ್ನಿ" ಅಂದಳು.

ಲ್ಹಾಜೊಮ್ ಕೀರಾ ಬದಲಿಸಿ ಆಗಲೇ ಮಗ್ಗದ ಮುಂದೆ ಕೂತಿದ್ದಳು. ಗಂಟು ಬಾಗಿಲ ಹಿಂದಿರಲಿಲ್ಲ. "ಹೆಂಗೆ ಬರ್ಲಿ ಮಗಾ? ಅರಸರಿಗೆ ಕಾಯಿಲೆ ಇಲ್ಲ ಅಂತ ಹೇಳಾಯ್ತಲ್ಲ. ಈಗ ಅರಸರ ಆಸ್ಪತ್ರೆಗೆ ಹೋಗಿ ಕಾಯಿಲೆ ಅಂದ್ರೆ ಯಾವ ಬಾಯಿ ನಿಜ?" ಎಂದಳು.

"ಅದು ಬರೀ ಲೆಕ್ಕಕ್ಕೆ ಅಮಾ!"

"ನಿಂಗೆ ಲೆಕ್ಕ ತಾಯಿ. ನಂಗೆ ಮಾತು."

ಜುರ್ಮೆ ಆ ದಿನದಿಂದ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ: "ನನ್ನ ಹೆಂಡ್ತಿ ಸರ್ಕಾರದ ಮುಂದೇನೇ ಚೆನ್ನಾಗಿದೀನಿ ಅಂದವಳು. ನೀವೆಲ್ಲ ಸೇರಿ ಕಾಯಿಲೆ ತರಿಸಬೇಡಿ." ನನಗೆ ಅವನ ಮೇಲೆ ಉರಿಯುತ್ತಿತ್ತು. ಅವನು ಹೆದರಿ ಸಾಯುತ್ತಿದ್ದ ಎಂದು ಈಗ ತಿಳಿಯುತ್ತದೆ, ಆದರೆ ಆಗ ಉರಿಯುತ್ತಿತ್ತು. ನಾನು ಕೇಳಿದೆ, ಚೊಯ್ಜೊಮ್ ಅತ್ತು ಕೇಳಿದಳು. ಮೂರಲ್ಲ, ಲೆಕ್ಕವಿಲ್ಲದಷ್ಟು ಸಲ. ನಮ್ಮ ಕೇಳಿಕೆಗೆ ಬೆಲೆ ಇರಲಿಲ್ಲ, ಅವಳ ಬೇಡ ಅರಸರ ಹತ್ತಿರ ಹೋಗಿ ಕೂತಿತ್ತು.

ಜೋಳ ತೆನೆಗಟ್ಟುವ ಹೊತ್ತಿಗೆ ನೀರೂ ಗುಟುಕು ಗುಟುಕಾಗಿ ಮಾತ್ರ ಇಳಿಯುತ್ತಿತ್ತು. ಒಂದು ಮುಂಜಾನೆ ಜುರ್ಮೆ ತಾನೇ ಅವಳನ್ನು ಬೆನ್ನಿಗೆ ಕಟ್ಟಿಕೊಂಡು, ಯಾರನ್ನೂ ಕೇಳದೆ, ರಸ್ತೆಗೆ ಇಳಿದ. ನಾನು ಓಡಿ ಸೇರಿಕೊಂಡೆ. ಮೊಂಗಾರಿನಲ್ಲಿ ಡಾಕ್ಟರ್ ಒಬ್ಬ ಹುಡುಗ, ಬಹಳ ನೋವಾ ಅಮಾ ಎಂದು ಕೇಳಿದ. ಆ ಸ್ಥಿತಿಯಲ್ಲೂ ಅವಳ ಕೈ ಬಾಯಿಗೆ ಹೋಯಿತು. ಅವನು ಮತ್ತೆ ಕೇಳಿದ, ಮಂಚದ ಪಕ್ಕ ಕೂತು ಮತ್ತೆ ಕೇಳಿದ. ಆಗ ಹೂಂ ಅಂದಳು. ಹೊರಗೆ ಬಂದು ನಮಗೆ ಹೇಳಿದ, ವಸಂತದಲ್ಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಮನೆಗೆ ಕರೆದುಕೊಂಡು ಹೋಗಿ ಎಂದು. ಜುರ್ಮೆ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ.

ಮೊದಲ ಹಿಮ ಬಿದ್ದ ವಾರ ಅವಳು ತೀರಿಕೊಂಡಳು. ಅದೇ ತಿಂಗಳು ಸುತ್ತಲ ಊರುಗಳ ಮುಖ್ಯಸ್ಥ ಗುಪ್ಪನ ಕಚೇರಿಯಲ್ಲಿ ಸಭೆ ಕರೆದು, ನಮ್ಮ ಕಡೆಯ ಜನ ಆರೋಗ್ಯದಲ್ಲೂ ಸುಖದಲ್ಲೂ ಮುಂದಿದ್ದಾರೆ ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತ್ಶೋಗ್ಪನಾದ ನಾನೂ ತಟ್ಟಿದೆ, ತಟ್ಟದೆ ಏನು ಮಾಡಲಿ. ಅದರಲ್ಲಿ ಅವಳದ್ದೂ ಒಂದು ಎಂಟು ಸೇರಿತ್ತು.

ಅಲ್ಲಿಂದ ನೇರ ಜುರ್ಮೆಯ ಮನೆಗೆ ಹೋದೆ. ನಲವತ್ತೊಂಬತ್ತು ದಿನ ಮುಗಿಯುವವರೆಗೆ ನಾವು ಸತ್ತವರಿಗೂ ಹೊತ್ತು ಹೊತ್ತಿಗೆ ಬಡಿಸುತ್ತೇವೆ, ಹೆಸರು ಕರೆದು. ಅವಳು ಕೂರುತ್ತಿದ್ದ ಜಾಗದಲ್ಲಿ ಖರಂಗ್, ಮೆಣಸಿನಕಾಯಿ ಪಲ್ಯ, ಒಂದು ಬಟ್ಟಲು ಚಹಾ ಇಟ್ಟಿತ್ತು. ಜುರ್ಮೆ ಅದರ ಮುಂದೆ ಕೂತು, "ತಗೋ ಲ್ಹಾಜೊಮ್" ಅಂದ. ಸ್ವಲ್ಪ ಹೊತ್ತು ಕಾದ. "ಒಂಚೂರು ತಗೋ." ಮತ್ತೆ ಕಾದ, ಈಗ ಸ್ವಲ್ಪ ಹೆಚ್ಚು ಹೊತ್ತು. ಮೂರನೆಯ ಸಲ ಕೇಳಲು ಬಾಯಿ ತೆರೆದವನು ಕೇಳಲಾರದೆ ನನ್ನ ಕಡೆ ತಿರುಗಿದ. "ನೀನು ಕೇಳೋ ಕರ್ಚುಂಗ್," ಅಂದ, "ನೀನು ಕೇಳಿದ್ರೆ ತಗೋತಿದ್ಳು."

ನಾನು ಅವನ ಪಕ್ಕ ಕೂತು ಕೇಳಿದೆ. ಚಹಾದ ಮೇಲೆ ಬೆಣ್ಣೆ ಹೆಪ್ಪುಗಟ್ಟುವವರೆಗೂ ಕೇಳುತ್ತಲೇ ಇದ್ದೆ.